ಆಟದ ಕ್ಯಾಸೆಟ್ಟು, ಠಾಣೆಯ ಮಹಜರು



ಸಂಗೀತದ ದತ್ತಿ ಉಪನ್ಯಾಸವೆಂದರೆ ರಾಗ, ತಾಳ, ಮಟ್ಟುಗಳ ಮಾತು ಬರುತ್ತದೆಂದು ನೀವು ಎಣಿಸಿರಬಹುದು. ಇವತ್ತು ನಾನು ಪೊಲೀಸ್ ಠಾಣೆಯ ಮಾತು ಆಡಲಿದ್ದೇನೆ. ನಕಲಿ ಮುದ್ರಿಕೆಗಳ ಮೇಲೆ ನಡೆಯುವ ದಾಳಿ ಯಾರನ್ನು ಹಿಡಿಯಬೇಕಿತ್ತು, ಯಾರನ್ನು ಹೆದರಿಸಿದೆ, ಹೆದರಿದವರ ಮನೆಯ ಟ್ರಂಕಿನಲ್ಲಿ ಏನು ಹಾಳಾಗುತ್ತಿದೆ ಎಂಬುದೇ ನನ್ನ ವಿಷಯ. ಉತ್ತರ ಕನ್ನಡದವರಾದ ನಮಗೆ ಇದು ದೂರದ ಸಂಗತಿಯಲ್ಲ. ನಮ್ಮ ಕಡೆಯ ಯಕ್ಷಗಾನದ ಆಟಗಳ, ತಾಳಮದ್ದಲೆ ಕೂಟಗಳ ದನಿಯ ದೊಡ್ಡ ಪಾಲು ಕಂಪನಿಗಳ ಕ್ಯಾಸೆಟ್ಟಿನಲ್ಲಿ ಸಿಗುವುದಿಲ್ಲ. ಅದು ಇರುವುದು ಕೇಳುಗರು ತಾವೇ ಮುದ್ರಿಸಿಕೊಂಡ ಟೇಪುಗಳಲ್ಲಿ.

ಆ ಟೇಪುಗಳು ಹೇಗೆ ಹುಟ್ಟಿದವು ಎಂದು ನಿಮ್ಮಲ್ಲಿ ಐವತ್ತು ದಾಟಿದವರಿಗೆ ಗೊತ್ತು, ಕಿರಿಯರಿಗೆ ಹೇಳಬೇಕು. ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರು, ಮುಂಬಯಿಗೆ ದುಡಿಯಲು ಹೋದವರು ಊರಿಗೆ ಬರುವಾಗ ಟೇಪ್ ರೆಕಾರ್ಡರ್ ತಂದರು. ಭಟ್ಕಳದ ಅಂಗಡಿಗಳಲ್ಲೂ ಅದು ಸಿಗುತ್ತಿತ್ತು. ಊರಲ್ಲಿ ಆಟವೆಂದಾಗ ಒಬ್ಬ ಕೇಳುಗ ಅದನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ಮೈಕಿನವನು ಪರಿಚಯದವನಾದರೆ ಆಂಪ್ಲಿಫೈಯರಿನಿಂದ ಒಂದು ವಯರು ಎಳೆದುಕೊಳ್ಳುವುದು, ಅಲ್ಲದಿದ್ದರೆ ರಂಗಸ್ಥಳದ ಬದಿಯ ಕಂಬದ ಬುಡದಲ್ಲಿ ಇಟ್ಟು ಕೂರುವುದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಮಗ್ಗುಲಲ್ಲಿ ನಲವತ್ತೈದು ನಿಮಿಷ. ಬೆಳಗಿನವರೆಗಿನ ಎಂಟು ತಾಸಿನ ಆಟಕ್ಕೆ ಆರು ಕ್ಯಾಸೆಟ್ಟು ಬೇಕು. ಮಗ್ಗುಲು ಬದಲಿಸುವಾಗ ಪದ್ಯ ಅರ್ಧಕ್ಕೆ ತುಂಡಾಗುತ್ತದೆ, ಚಂಡೆಯ ಹೊಡೆತಕ್ಕೆ ದನಿ ಒಡೆಯುತ್ತದೆ, ಪಕ್ಕದಲ್ಲಿ ಮಲಗಿದ ಮಗು ಅಳುತ್ತದೆ. ಇಷ್ಟೆಲ್ಲ ಸೇರಿ ಒಂದು ರಾತ್ರಿಯ ಆಟ. ಕಾರವಾರ ಕಡೆಯ ಕೊಂಕಣಿ ನಾಟಕಗಳನ್ನು, ಭಜನೆಗಳನ್ನು, ಧಾರವಾಡದ ಗವಾಯಿಗಳು ಇತ್ತ ಬಂದಾಗಿನ ಬೈಠಕ್‌ಗಳನ್ನು ಹೀಗೇ ಮುದ್ರಿಸಿಟ್ಟುಕೊಂಡವರು ಇದ್ದಾರೆ.

ಈ ಟೇಪುಗಳ ಬೆಲೆ ಏನೆಂದು ತಿಳಿಯಲು ಒಂದು ಹೆಸರು ಸಾಕು. ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರ ಮೇ ತಿಂಗಳಲ್ಲಿ. ಮೂವತ್ತೆರಡು ತುಂಬುವ ಮೊದಲೇ ಹೋದ ಭಾಗವತರು. ಅವರ ಪದ್ಯಗಳ ಕಂಪನಿ ಕ್ಯಾಸೆಟ್ಟುಗಳು ಬಂದಿವೆ, ನಿಜ. ಆದರೆ ಸ್ಟುಡಿಯೋದಲ್ಲಿ ಗಡಿಯಾರ ನೋಡಿ ಹಾಡಿದ ಪದ್ಯಕ್ಕೂ, ನಡುರಾತ್ರಿ ವೇಷಧಾರಿಯ ಹೆಜ್ಜೆ ನೋಡಿ ಅದೇ ಪದ್ಯವನ್ನು ಎಳೆದು, ತಿರುಗಿಸಿ, ಇನ್ನೊಂದು ರಾಗಕ್ಕೆ ಹಾಯಿಸಿದ್ದಕ್ಕೂ ಇರುವ ಅಂತರವನ್ನು ಕೇಳಿದವರೇ ಬಲ್ಲರು. ಆ ನಡುರಾತ್ರಿಯ ನಾವಡರು ಉಳಿದಿರುವುದು ಕೇಳುಗರ ಟೇಪಿನಲ್ಲಿ. ಅವರು ಸತ್ತ ಮೇಲೆ ಹುಟ್ಟಿದ ಹುಡುಗರು ಇವತ್ತು ಅವರ ಶೈಲಿಯನ್ನು ಅನುಸರಿಸಿ ಹಾಡುತ್ತಾರೆಂದರೆ, ಆ ಪಾಠದ ಒಂದು ಪಾಲು ಇಂಥ ಹೆಸರಿಲ್ಲದ ಕ್ಯಾಸೆಟ್ಟುಗಳದ್ದು.

ಈಗ ಇನ್ನೊಂದು ಮಗ್ಗುಲು. ನಕಲಿ ಕ್ಯಾಸೆಟ್ಟಿನ ವ್ಯಾಪಾರ ನಿಜಕ್ಕೂ ಇತ್ತು, ಅದು ಕಳ್ಳತನವೇ ಆಗಿತ್ತು. ಕಂಪನಿ ಹಣ ಹಾಕಿ, ಭಾಗವತರನ್ನೂ ಅರ್ಥಧಾರಿಗಳನ್ನೂ ಕರೆಸಿ ಮುದ್ರಿಸಿದ ಪ್ರಸಂಗವನ್ನು ಇನ್ನೊಬ್ಬ ಒಂದು ರಾತ್ರಿಯಲ್ಲಿ ನೂರಾರು ಪ್ರತಿ ಎಳೆದು, ಹೊದಿಕೆಯ ಚಿತ್ರವನ್ನೂ ಅಚ್ಚು ಹಾಕಿಸಿ, ಬಸ್ ನಿಲ್ದಾಣದ ಅಂಗಡಿಗೆ ಅರ್ಧ ಬೆಲೆಗೆ ಕೊಡುತ್ತಿದ್ದ. ದೇಶದ ತುಂಬ ಇದೇ ಹಾವಳಿ. 1984ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಗ್ರಾಮಫೋನ್ ಕಂಪನಿಯ ಪ್ರಕರಣ ಅದರ ಹರವನ್ನು ತೋರಿಸುತ್ತದೆ: ಸಿಂಗಪುರದಿಂದ ಹೊರಟು ಕಲ್ಕತ್ತೆಯ ಬಂದರಿನ ಮೂಲಕ ಕಾಠ್ಮಂಡುವಿಗೆ ಹೋಗಬೇಕಿದ್ದ ಕ್ಯಾಸೆಟ್ಟಿನ ಸರಕು. ಬೇರೆ ದೇಶಕ್ಕೆ ಹೋಗುವ ಸರಕಾದರೂ ನಮ್ಮ ನೆಲದ ಮೇಲೆ ಹಾಯುವಾಗ ಅದನ್ನು ತಡೆಯಬಹುದೆಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ತೀರ್ಪು ಕೊಟ್ಟರು. ಅದೇ ವರ್ಷ ಸಂಸತ್ತು 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಬಿಗಿ ಮಾಡಿತು. 63ನೆಯ ಸೆಕ್ಷನ್ನಿನ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ದಂಡ ಎಂದಾಯಿತು. 64ನೆಯ ಸೆಕ್ಷನ್ನಿನ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಾರಂಟ್ ಇಲ್ಲದೆಯೇ ಪ್ರತಿಗಳನ್ನು ಜಪ್ತಿ ಮಾಡಬಹುದು.

ಆ ತಿದ್ದುಪಡಿಯಲ್ಲಿ ಸೇರಿದ 52ಎ ಎಂಬ ಸೆಕ್ಷನ್ನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಾರಾಟಕ್ಕೆ ಹೊರತರುವ ಪ್ರತಿ ಧ್ವನಿಮುದ್ರಿಕೆಯ ಮೇಲೆ, ಅದರ ಡಬ್ಬಿಯ ಮೇಲೆ, ಮುದ್ರಿಸಿದವರ ಹೆಸರು ವಿಳಾಸ, ಹಕ್ಕು ಯಾರದೋ ಅವರ ಹೆಸರು ವಿಳಾಸ, ಮೊದಲು ಹೊರಬಂದ ವರ್ಷ ಇರಬೇಕು ಎನ್ನುತ್ತದೆ ಅದು. ಇಲ್ಲದಿದ್ದರೆ ಮೂರು ವರ್ಷದವರೆಗೆ ಸೆರೆ. ಅಂಗಡಿಗೆ ಹೋದ ಪೊಲೀಸರು ಮೊದಲು ನೋಡುವುದೂ ಅದನ್ನೇ; ಒಳಗಿನ ಹಾಡು ಯಾರದ್ದೆಂದು ಕೇಳಿ ಗುರುತಿಸುವುದು ಅವರ ಕೆಲಸವಲ್ಲ. ಆದರೆ ಕೇಳುಗನೊಬ್ಬ ತನಗಾಗಿ ಮುದ್ರಿಸಿಕೊಂಡ ಟೇಪಿನ ಮೇಲೆ ಏನಿರುತ್ತದೆ? ಬಾಲ್ ಪೆನ್ನಿನಲ್ಲಿ ಬರೆದ ಪ್ರಸಂಗದ ಹೆಸರು, ಒಂದು ತಾರೀಕು, ಕೆಲವೊಮ್ಮೆ ಊರಿನ ಹೆಸರು. ಕಂಪನಿಯಿಲ್ಲ, ವಿಳಾಸವಿಲ್ಲ, ಬಿಲ್ಲಿಲ್ಲ. ವ್ಯಾಪಾರದ ಕಳ್ಳನನ್ನು ಹಿಡಿದುಕೊಡುವ ಲಕ್ಷಣವೂ ಪ್ರೀತಿಯ ಕೇಳುಗನ ಟೇಪಿನ ಹುಟ್ಟುಗುಣವೂ ಒಂದೇ ಆಗಿಬಿಟ್ಟಿವೆ. ಈ ವಿಷಯದಲ್ಲಿ ನನ್ನ ಮುಖ್ಯ ತಕರಾರು ಇದು. ಮಾರುವವನನ್ನು ಗುರಿಯಾಗಿಟ್ಟು ಬರೆದ ನಿಯಮ ಮನೆಯ ಕಪಾಟಿನ ಮುಂದೆ ನಿಂತಾಗ ಕುರುಡಾಗುತ್ತದೆ.

ಕಾಯ್ದೆಗೆ ಮಾತ್ರ ಆ ವ್ಯತ್ಯಾಸ ಗೊತ್ತಿದೆ. ಅದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಅದು ಹೇಗೆ ಬಂತೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಹಳ ವರ್ಷ ನಮ್ಮ ಕಾನೂನಿನಲ್ಲಿ ಹಾಡುವವರಿಗೆ ಯಾವ ಹಕ್ಕೂ ಇರಲಿಲ್ಲ. ಬರೆದ ಕವಿಗೆ ಇತ್ತು, ರಾಗ ಕೂಡಿಸಿದವರಿಗೆ ಇತ್ತು, ಮುದ್ರಿಸಿದ ಕಂಪನಿಗೆ ಇತ್ತು. ಗಂಟಲು ಹರಿದುಕೊಂಡವರಿಗೆ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸಿನಿಮಾ ಸಂಗೀತದ ಹಕ್ಕಿನ ಮೊಕದ್ದಮೆಯೊಂದರಲ್ಲಿ, ಹಾಡುಗಾರರನ್ನು ಕಾನೂನು ಮರೆತಿದೆ, ಸಂಸತ್ತು ಇದನ್ನು ಸರಿಪಡಿಸಬೇಕು ಎಂಬರ್ಥದ ಮಾತು ಬರೆದರು. ಸರಿಪಡಿಸಲು ಹದಿನೇಳು ವರ್ಷ ಹಿಡಿಯಿತು. 1994ರ ತಿದ್ದುಪಡಿ 1995ರ ಮೇ 10ರಂದು ಜಾರಿಗೆ ಬಂದು ಪ್ರದರ್ಶಕರ ಹಕ್ಕು ಎಂಬುದು ಹುಟ್ಟಿತು. ನಟ, ಹಾಡುಗಾರ, ವಾದ್ಯಗಾರ, ನರ್ತಕ, ದೊಂಬರಾಟದವರು, ಹಾವಾಡಿಗ, ಉಪನ್ಯಾಸ ಕೊಡುವವರು ಎಲ್ಲರೂ ಆ ವ್ಯಾಖ್ಯೆಯಲ್ಲಿ ಬರುತ್ತಾರೆ. ಈ ಸಭೆಯಲ್ಲಿ ಮೊಬೈಲ್ ಎತ್ತಿ ಹಿಡಿದಿರುವ ಗೆಳೆಯರಿಗೂ ನನಗೂ ನಡುವೆ ಆ ಕಾನೂನು ಈ ಹೊತ್ತಿಗೂ ಇದೆ. ಕಾಳಿಂಗ ನಾವಡರ ಪಾಲಿಗೆ ಅದು ಐದು ವರ್ಷ ತಡವಾಗಿ ಬಂತು.

ಅದರ ಮಗ್ಗುಲಲ್ಲೇ 39ನೆಯ ಸೆಕ್ಷನ್ ಇದೆ. ಒಬ್ಬ ತನ್ನ ಸ್ವಂತ ಬಳಕೆಗೆ, ಇಲ್ಲವೇ ಪ್ರಾಮಾಣಿಕ ಬೋಧನೆ ಅಥವಾ ಸಂಶೋಧನೆಗೆ ಮಾತ್ರ ಪ್ರದರ್ಶನವನ್ನು ಮುದ್ರಿಸಿಕೊಂಡರೆ ಅದು ಪ್ರದರ್ಶಕರ ಹಕ್ಕಿನ ಉಲ್ಲಂಘನೆಯಾಗದು. ಕೃತಿಯ ಹಕ್ಕಿನ ವಿಷಯಕ್ಕೆ 52ನೆಯ ಸೆಕ್ಷನ್ನಿನಲ್ಲೂ ಖಾಸಗಿ ಬಳಕೆಗೆ, ಸಂಶೋಧನೆಗೆ ಜಾಗವಿದೆ. ಹಳೆಯ ಪ್ರಸಂಗಕರ್ತರಾದ ಪಾರ್ತಿಸುಬ್ಬ, ದೇವಿದಾಸರ ಕಾಲದ ಪ್ರಸಂಗಗಳ ಪದ್ಯಕ್ಕೆ ಈಗ ಯಾರ ಹಕ್ಕೂ ಇಲ್ಲ. ನಾವಡರ ‘ನಾಗಶ್ರೀ’ಯಂಥ ಹೊಸ ಪ್ರಸಂಗಗಳಿಗೆ ಇದೆ. ಲಾಭಕ್ಕಾಗಿ ಮಾಡದ ಉಲ್ಲಂಘನೆಗೆ ನ್ಯಾಯಾಧೀಶರು ಕಾರಣ ಬರೆದು ಶಿಕ್ಷೆ ಇಳಿಸಬಹುದೆಂದು 63ನೆಯ ಸೆಕ್ಷನ್ನೇ ಹೇಳುತ್ತದೆ. ಇಷ್ಟು ನಯವಾದ ತಕ್ಕಡಿ ಪುಸ್ತಕದಲ್ಲಿದೆ.

ತೊಡಕೆಂದರೆ, ಜಪ್ತಿ ಮೊದಲು ನಡೆಯುತ್ತದೆ, ತಕ್ಕಡಿ ಆಮೇಲೆ ಬರುತ್ತದೆ. ಪಂಚರ ಮುಂದೆ ಮಹಜರು ಬರೆದು ಟೇಪುಗಳನ್ನು ಗೋಣಿಯಲ್ಲಿ ಕಟ್ಟಿದ ಮೇಲೆ ಅವು ಮುದ್ದೆಮಾಲು. ತನ್ನದೆಂದು ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಅದೂ ಜಪ್ತಿಯಾದ ಹದಿನೈದು ದಿನದೊಳಗೆ. ಅಂಗಡಿಯವನಿಗೆ ವಕೀಲರ ದಾರಿ ಗೊತ್ತು. ಅಡಿಕೆ ಸುಲಿದು, ಮೀನು ಮಾರಿ, ಶಾಲೆಯಲ್ಲಿ ಪಾಠ ಮಾಡಿ ಬದುಕುವ ಕೇಳುಗನಿಗೆ ಗೊತ್ತಿಲ್ಲ. ಕೋರ್ಟು ಎಷ್ಟು ಸೂಕ್ಷ್ಮವಾಗಿ ತೂಗಬಲ್ಲದೆಂಬುದಕ್ಕೆ ನಮ್ಮ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಮೊಕದ್ದಮೆ ಇದೆ. ಕಾರಂತರು ತೀರಿಕೊಂಡದ್ದು 1997ರಲ್ಲಿ. ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 2009ರ ಜನವರಿಯಲ್ಲಿ. ಮರಣಶಾಸನದ ಮೂಲಕ ಹಕ್ಕು ಪಡೆದವರ ಹಕ್ಕನ್ನೂ ಎತ್ತಿಹಿಡಿದು, ಶೈಕ್ಷಣಿಕ ಸಂಸ್ಥೆಗಳಿಗೆ 52ನೆಯ ಸೆಕ್ಷನ್ ಕೊಡುವ ವಿನಾಯಿತಿಯನ್ನೂ ಕೋರ್ಟು ಉಳಿಸಿತು. ಒಳ್ಳೆಯ ತೀರ್ಪು, ಸಂದೇಹವಿಲ್ಲ. ಆದರೆ ಅಷ್ಟು ವರ್ಷ ಠಾಣೆಯ ಕೋಣೆಯಲ್ಲಿ ಬಿದ್ದ ಕ್ಯಾಸೆಟ್ಟು ತೀರ್ಪಿನ ದಿನ ಹಾಡಲಾರದು.

ಹೆದರಿಕೆ ಈಚೆಗೆ ಇನ್ನೂ ಹೆಚ್ಚಿದೆ, ಅದಕ್ಕೆ ಎರಡು ಕಾರಣ. ನಮ್ಮ ರಾಜ್ಯ 1985ರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ದೃಶ್ಯ ಮತ್ತು ಧ್ವನಿ ಮುದ್ರಿಕೆಗಳ ಕಳ್ಳರನ್ನು ಅದರ ಪಟ್ಟಿಗೆ ಸೇರಿಸಿತು. ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು ಇರುವ ಪಟ್ಟಿ ಅದು. ಅದರಡಿ ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. ಆಮೇಲೆ 2022ರ ಮೇ 20ರಂದು ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 63ನೆಯ ಸೆಕ್ಷನ್ನಿನ ಅಪರಾಧ ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದದ್ದು, ಜಾಮೀನು ಹಕ್ಕಾಗಿ ಸಿಗದಂಥದ್ದು ಎಂದು ತೀರ್ಮಾನಿಸಿತು. ಸಿನಿಮಾ ಬಿಡುಗಡೆಯಾದ ದಿನವೇ ಅದನ್ನು ಕದ್ದು ಹಂಚುವ ಜಾಲಕ್ಕೆ ಇಷ್ಟು ಬಿಗಿ ಬೇಕೇ ಎಂದು ಕೇಳಿದರೆ, ಜಾಲದ ಹಿಂದಿರುವ ಹಣವನ್ನು ನೋಡಿ ಬೇಕು ಎಂದೇ ಹೇಳುತ್ತೇನೆ. ಆದರೆ ವಿಚಾರಣೆಯಿಲ್ಲದ ಬಂಧನ ಹಾಡಿನ ವಿಷಯಕ್ಕೆ ತರಬಾರದ ಅಸ್ತ್ರ. ಸಾಕ್ಷಿ ನೋಡಿ ತೂಗಬೇಕಾದ ಅಪರಾಧ ಇದು, ಸಂಶಯದ ಮೇಲೆ ಒಳಗಿಡುವ ಅಪರಾಧವಲ್ಲ. ಗೋವೆಯ ಬಾಟಲಿಗಳಿಗಾಗಿ ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಡಿಕ್ಕಿ ತೆರೆಸುವುದನ್ನು ಹುಟ್ಟಿದಂದಿನಿಂದ ನೋಡಿದವರು ನಾವು. ಸಾರಾಯಿಯನ್ನೂ ಹಾಡನ್ನೂ ಒಂದೇ ಕಾಯ್ದೆಯಲ್ಲಿ ಹೊಲಿದಾಗ, ಹಳೆಯ ಟೇಪಿನ ಪೆಟ್ಟಿಗೆ ಹೊತ್ತು ಊರಿಂದೂರಿಗೆ ಹೋಗುವವನಿಗೂ ಎದೆ ಅಳುಕುತ್ತದೆ.

ಹೊರದೇಶದ ಒಂದು ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಲಯನೆಲ್ ಮೇಪಲ್‌ಸನ್ ಎಂಬ ಗ್ರಂಥಪಾಲಕ ಇದ್ದ. 1900ರಿಂದ ಮೂರು ನಾಲ್ಕು ವರ್ಷ ಅವನು ಎಡಿಸನ್ನನ ಮೇಣದ ಸಿಲಿಂಡರ್ ಯಂತ್ರವನ್ನು ರಂಗದ ಮೇಲಿನ ಅಟ್ಟದಲ್ಲಿಟ್ಟು, ನಡೆಯುತ್ತಿರುವ ಒಪೆರಾದ ತುಣುಕುಗಳನ್ನು ಹಿಡಿದ. ಗರಗರ ಸದ್ದಿನ ಎರಡು ಮೂರು ನಿಮಿಷದ ತುಣುಕುಗಳು. ಆ ಕಾಲದ ಮಹಾಗಾಯಕ ಜಾನ್ ದ ರೆಸ್ಕೆಯ ದನಿ ಜಗತ್ತಿನಲ್ಲಿ ಉಳಿದಿರುವುದು ಆ ಸಿಲಿಂಡರುಗಳಲ್ಲಿ ಮಾತ್ರ. ಅವು ಇವತ್ತು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ಆಸ್ತಿ. ಅದೇ ಅಮೆರಿಕದಲ್ಲಿ 1984ರಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ತಂಡ ತನ್ನ ಕಛೇರಿಗಳಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಒಂದು ಜಾಗ ಬಿಟ್ಟುಕೊಟ್ಟಿತು: ಮುದ್ರಿಸಿ, ಹಂಚಿಕೊಳ್ಳಿ, ಮಾರಬೇಡಿ. ನಮ್ಮ ಮೇಳಗಳ ಮೈಕಿನವರು ಯಾವ ಕಾಗದವೂ ಇಲ್ಲದೆ ಅದನ್ನೇ ಮಾಡುತ್ತಿದ್ದರು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿಲ್ಲ ಎಂಬುದಷ್ಟೇ ನಮ್ಮ ಕೊರತೆ.

ಸಂಗ್ರಾಹಕರೆಲ್ಲ ಹಾಲಿನಷ್ಟು ಬಿಳಿ ಎಂದು ನಾನು ವಾದಿಸುತ್ತಿಲ್ಲ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲಿ ಹೊತ್ತು ನಡೆದ ಸುಕ್ರಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರೂ ಅವರೇ. ಅಂಥವರ ಅಂಗಳಕ್ಕೆ ಟೇಪು, ಕ್ಯಾಮೆರಾ, ಮೊಬೈಲು ಹಿಡಿದು ಬಂದವರಿಗೆ ಲೆಕ್ಕವಿಲ್ಲ. ಹೊನ್ನಾವರದ ಎನ್. ಆರ್. ನಾಯಕ, ಶಾಂತಿ ನಾಯಕರಂಥ ವಿದ್ವಾಂಸರು ಹಾಡುವವರ ನಡುವೆಯೇ ಬದುಕಿ, ಜನಪದ ಹಾಡುಗಳನ್ನು ಪುಸ್ತಕವಾಗಿ ನಾಡಿಗೆ ಕೊಟ್ಟರು. ಎಲ್ಲರೂ ಹಾಗಲ್ಲ. ಹಾಡಿಸಿಕೊಂಡು ಹೋದ ಮೇಲೆ ಒಂದು ಪ್ರತಿಯನ್ನಾದರೂ ಆ ಮನೆಗೆ ಮುಟ್ಟಿಸಬೇಕೆಂಬ ನೆನಪಿಲ್ಲದವರು ಬಹಳ. ಹಾಲಕ್ಕಿಯ ಹಾಡಿಗೆ ಒಬ್ಬ ಕವಿಯಿಲ್ಲ, ಹಾಗಾಗಿ ಕೃತಿಯ ಹಕ್ಕು ಯಾರದೆಂದು ಕಾಯ್ದೆಯಲ್ಲಿ ಉತ್ತರ ಸಿಗುವುದು ಕಷ್ಟ. ಆದರೆ ಹಾಡಿದವರು ಪ್ರದರ್ಶಕರು; ಹಾಡಿದ ಮರುವರ್ಷದಿಂದ ಐವತ್ತು ವರ್ಷ ಅವರಿಗೆ ಹಕ್ಕಿದೆ, 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಾದರೆ ಸಂಭಾವನೆಯಲ್ಲಿ ಪಾಲೂ ಇದೆ. ಆ ಪಾಲು ಕೊಡಿಸಲು ಯಾವ ಠಾಣೆಯಿಂದಲೂ ಜೀಪು ಹೊರಟದ್ದನ್ನು ನಾನು ನೋಡಿಲ್ಲ. ಕಂಪನಿಯ ದೂರಿಗೆ ಜೀಪು ಹೊರಡುತ್ತದೆ. ಸಂಗೀತ ಕಂಪನಿಗಳ ಒಕ್ಕೂಟ ನಿವೃತ್ತ ಪೊಲೀಸ್ ಅಧಿಕಾರಿಗಳನ್ನೇ ನೇಮಿಸಿಕೊಂಡು ದಾಳಿಗಳ ಬೆನ್ನು ಹತ್ತಿದ್ದುಂಟು. ಹಾಡಿದವರ ಪರವಾಗಿ ಬೆನ್ನು ಹತ್ತುವವರು ಯಾರು ಎಂಬ ಪ್ರಶ್ನೆಯನ್ನು ಕಾಯ್ದೆಯ ಮುಂದೆ ಇಡಲೇಬೇಕು.

ಈ ನಡುವೆ ಟೇಪು ಕಾಯುತ್ತಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಕರಾವಳಿ ನಮ್ಮದು. ಆಷಾಢದಲ್ಲಿ ಕಪಾಟಿನ ಬಟ್ಟೆಯೇ ಬೂಸ್ಲು ಹಿಡಿಯುತ್ತದೆ. ಟೇಪಿನ ಪಟ್ಟಿ ಉಳಿದೀತೇ? ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಮೆತ್ತಗಾಗುತ್ತದೆ, ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಯಂತ್ರಕ್ಕೆ ಹಾಕಿದರೆ ಪುಡಿ ಉದುರಿ ಹೆಡ್ಡಿಗೆ ಮೆತ್ತುತ್ತದೆ. ಉದುರಿದ ಪುಡಿಯೇ ಹಾಡು, ಅದನ್ನು ಮತ್ತೆ ಹಚ್ಚಲಾಗದು. ಕಂಪ್ಯೂಟರಿಗೆ ಇಳಿಸುವುದು ಭಾರೀ ಕೆಲಸವೇನಲ್ಲ. ಧ್ವನಿ ಸಂಗ್ರಹಾಲಯಗಳು ಕನಿಷ್ಠವೆಂದು ಹೇಳುವ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಇಳಿಸಿದರೆ ತಾಸಿಗೆ ಸುಮಾರು ಒಂದು ಜಿಬಿ. ಇಡೀ ರಾತ್ರಿಯ ಆಟ ಎಂಟು ಜಿಬಿಯಲ್ಲಿ ಕೂರುತ್ತದೆ. ಅಂದರೆ ಕಿರುಬೆರಳಿನಷ್ಟು ಪೆನ್ ಡ್ರೈವಿನಲ್ಲಿ ಹಲವು ರಾತ್ರಿಗಳ ಆಟ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನು ಕು. ಶಿ. ಹರಿದಾಸ ಭಟ್ಟರು ಇದೇ ಉದ್ದೇಶಕ್ಕೆ ಕಟ್ಟಿದರು. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗ ಸಂಗೀತದ ಸಂಗ್ರಹಾಲಯ ಖಾಸಗಿಯವರ ಮುದ್ರಿಕೆಗಳನ್ನು ಕರಾರಿನ ಮೇಲೆ ಇಟ್ಟುಕೊಳ್ಳುತ್ತದೆ. ಹಕ್ಕು ಯಾರದೋ ಅವರದೇ, ಸಂಸ್ಥೆಯದು ಕಾಪಾಡುವ ಹೊಣೆ. ಅಂಥ ಒಂದು ಕೋಣೆ ನಮ್ಮ ಜಿಲ್ಲೆಯಲ್ಲೇ ಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಜಿಲ್ಲೆ ಇದು, ಚಿಟ್ಟಾಣಿಯವರು ಕುಣಿದ ಜಿಲ್ಲೆ ಇದು. ಇದರ ದನಿಯನ್ನು ಹುಡುಕಿ ಪರವೂರಿಗೆ ಹೋಗುವುದು ನಮಗೆ ಶೋಭೆಯಲ್ಲ.

ಪೊಲೀಸ್ ಇಲಾಖೆಯವರು ಈ ಸಭೆಯಲ್ಲಿದ್ದರೆ ಒಂದು ಬೇಡಿಕೆ. ಕೃತಿಸ್ವಾಮ್ಯದ ದೂರು ಬಂದಾಗ ಮೂರು ಸಂಗತಿ ನೋಡಿ: ಒಂದೇ ಮುದ್ರಿಕೆಯ ಹಲವು ಪ್ರತಿಗಳಿವೆಯೇ, ಪ್ರತಿ ಎಳೆಯುವ ಯಂತ್ರವಿದೆಯೇ, ಮಾರಿದ ಲೆಕ್ಕವಿದೆಯೇ. ಮೂರೂ ಇಲ್ಲದ ಮನೆಯಿಂದ ಗೋಣಿ ಹೊರಗೆ ಬರಬೇಕಾಗಿಲ್ಲ. ಜಪ್ತಿ ಮಾಡಲೇಬೇಕಾಗಿ ಬಂದರೆ ಟೇಪನ್ನು ತೇವವಿಲ್ಲದ ಕಡೆ ನೆಟ್ಟಗೆ ನಿಲ್ಲಿಸಿಡಿ, ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಮೊದಲು ಒಂದು ಪ್ರತಿ ತೆಗೆಸಿ. ಮೇಳಗಳ ಯಜಮಾನರಲ್ಲಿ ಇನ್ನೊಂದು ಕೋರಿಕೆ: ಸ್ವಂತಕ್ಕೆ ಮುದ್ರಿಸಿಕೊಳ್ಳಬಹುದು, ಮಾರುವಂತಿಲ್ಲ, ಒಂದು ಪ್ರತಿ ಮೇಳಕ್ಕೆ ಕೊಡಬೇಕು ಎಂಬ ಮೂರು ಸಾಲಿನ ಬೋರ್ಡನ್ನು ಚೌಕಿಯ ಹೊರಗೆ ಹಾಕಿ.

ಮನೆಯಲ್ಲಿ ಟೇಪು ಇಟ್ಟುಕೊಂಡಿರುವ ಬಂಧುಗಳೇ, ಅಂಜಬೇಡಿ. ನೀವೇ ಕೂತು ಮುದ್ರಿಸಿದ ಆಟದ, ಕೂಟದ, ಹಾಡಿನ ಟೇಪಿಗೆ ಕಾಯ್ದೆಯಲ್ಲಿ ನೆರಳಿದೆ. ಅಂಗಡಿಯಿಂದ ತಂದ ನಕಲಿಯನ್ನು ಅದರ ಜೊತೆ ಬೆರೆಸಬೇಡಿ, ಯಾವುದನ್ನೂ ಮಾರಬೇಡಿ, ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳದೆ ಯೂಟ್ಯೂಬಿಗೆ ಹಾಕಬೇಡಿ. ಪ್ರಸಂಗ, ಊರು, ತಾರೀಕು, ಭಾಗವತರು, ಮದ್ದಲೆ, ಚಂಡೆ, ವೇಷ ಯಾರದೆಂದು ನೆನಪಿರುವಷ್ಟನ್ನು ಈಗಲೇ ಒಂದು ಕಾಗದದಲ್ಲಿ ಬರೆದು ಡಬ್ಬಿಯೊಳಗೆ ಇಡಿ. ಮುಂದಿನ ಮಳೆಗಾಲ ಹಿಡಿಯುವ ಮೊದಲು ಅವನ್ನು ಹೊರತೆಗೆಯಿರಿ, ಇಳಿಸಿಕೊಳ್ಳಿ, ಒಂದು ಪ್ರತಿಯನ್ನು ಹಾಡಿದವರ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ.